ಕೋಲಾರದ ಕಡೆ ಹೋಟೆಲ್ ಬ್ಯಾಂಡ್, ಆರ್ಕೆಸ್ಟ್ರಾ ಕೇಳಲು ಹೋಗುವವರಿಗೆ

"ಹಾಡು ಗೀಡು ಕೇಳಬೇಕು ಅಂದ್ರೆ ಬೆಂಗಳೂರಿಗೇ ಹೋಗಬೇಕು, ನಮ್ಮೂರಲ್ಲಿ ಏನಿದೆ?" ಕೋಲಾರದವರ ಬಾಯಲ್ಲಿ ಈ ಮಾತು ಕೇಳಿ ಕೇಳಿ ನನಗೆ ಸಾಕಾಗಿದೆ. ಬೆಂಗಳೂರಿನ ಪಬ್ಬಿನಲ್ಲಿ ನೀವು ದುಡ್ಡು ಕೊಟ್ಟು ಕೇಳಿ ಬಂದ ಗಿಟಾರ್ ಹುಡುಗ ಬಂಗಾರಪೇಟೆಯಲ್ಲಿ ರೈಲು ಹತ್ತಿ ಹೋದವನೇ ಇರಬಹುದು. ಅವನೇ ಇನ್ನೊಂದು ದಿನ ಇಲ್ಲಿ ಹೆದ್ದಾರಿ ಪಕ್ಕದ ಬಾರ್ ಅಂಡ್ ರೆಸ್ಟೋರೆಂಟ್‌ನ ಮೂಲೆಯಲ್ಲಿ ನುಡಿಸುತ್ತಿರುತ್ತಾನೆ. ಎದುರಿಗೆ ಹದಿನೈದು ಟೇಬಲ್. ಎಲ್ಲದರಲ್ಲೂ ಟೊಮೆಟೊ ರೇಟು, ಸೈಟು, ಕ್ರಿಕೆಟ್. ಯಾರೂ ತಲೆ ಎತ್ತುವುದಿಲ್ಲ.

ನಾನು ಸಂಗೀತ ಕಲಿತವನಲ್ಲ. ಭಜನೆಯಲ್ಲಿ ತಾಳ ತಪ್ಪಿಸಿ ಪಕ್ಕದವರ ಕೈಯಲ್ಲಿ ಬೈಸಿಕೊಂಡವನು. ಆದರೂ ವರ್ಷಾನುಗಟ್ಟಲೆ ಹೀಗೆ ಮೂಲೆಯಲ್ಲಿ ನುಡಿಸುವವರನ್ನು ಹುಡುಕಿಕೊಂಡು ಹೋಗಿ ಕೇಳಿದ್ದೇನೆ. ಅದರಲ್ಲಿ ಕಂಡುಕೊಂಡದ್ದು ಇಷ್ಟು: ಹದಿನೈದರಲ್ಲಿ ಒಂದೇ ಒಂದು ಟೇಬಲ್ ಕಿವಿಗೊಟ್ಟು ಕೂತರೂ ಬ್ಯಾಂಡ್ ನುಡಿಸುವ ರೀತಿ ಬದಲಾಗುತ್ತದೆ. ಆ ಟೇಬಲ್ ನಿಮ್ಮದಾಗಬೇಕಾದರೆ ಏನೇನು ಮಾಡಬೇಕು ಎನ್ನುವುದಕ್ಕೆ ಈ ಬರಹ.

ಮೊದಲು ಮೈಕ್‌ಸೆಟ್ ಅಂಗಡಿಗೆ ಹೋಗಿ

ಎಲ್ಲಿ ಯಾವಾಗ ಯಾರು ನುಡಿಸುತ್ತಾರೆ ಎನ್ನುವುದು ನಮ್ಮ ಕಡೆ ಮೊಬೈಲಿನಲ್ಲಿ ಸಿಗುವುದಿಲ್ಲ. ಸಿಕ್ಕರೂ ಹೋದ ವರ್ಷದ್ದು ಸಿಗುತ್ತದೆ. ಬ್ಯಾನರ್ ನಂಬಿ ಹೋಗುವುದೂ ಕಷ್ಟ. ಒಮ್ಮೆ ಬ್ಯಾನರಿನಲ್ಲಿ ಡ್ರಮ್ಸ್, ಟ್ರಂಪೆಟ್, ಎಂಟು ಜನರ ಫೋಟೊ ನೋಡಿ ಇಪ್ಪತ್ತು ಕಿಲೋಮೀಟರ್ ಬೈಕ್ ಓಡಿಸಿಕೊಂಡು ಹೋದೆ. ಅಲ್ಲಿ ಇದ್ದದ್ದು ಒಬ್ಬ ಗಾಯಕ ಮತ್ತು ಒಂದು ಲ್ಯಾಪ್‌ಟಾಪ್.

ನಿಜವಾದ ಮಾಹಿತಿ ಇರುವುದು ಶಾಮಿಯಾನ, ಮೈಕ್‌ಸೆಟ್ ಬಾಡಿಗೆಗೆ ಕೊಡುವವರ ಹತ್ತಿರ. ಸೌಂಡ್ ಹೊತ್ತುಕೊಂಡು ಹೋಗಿ ಕಟ್ಟುವವರು ಅವರೇ. ಯಾವ ಊರಿನ ಕರಗಕ್ಕೆ ಯಾವ ಆರ್ಕೆಸ್ಟ್ರಾ, ಯಾವ ಹೋಟೆಲ್ಲಿನಲ್ಲಿ ವಾರಾಂತ್ಯ ಹಾಡಿಸುತ್ತಾರೆ, ಯಾರು ನಿಜವಾಗಿ ನುಡಿಸುತ್ತಾರೆ, ಯಾರು ಟ್ರ್ಯಾಕ್ (ಮೊದಲೇ ರೆಕಾರ್ಡ್ ಮಾಡಿಟ್ಟ ಸಂಗೀತ) ಹಾಕಿ ಬಾಯಿ ಆಡಿಸುತ್ತಾರೆ, ಎಲ್ಲ ಗೊತ್ತು. ಒಂದು ಟೀ ಕುಡಿಸಿ ಕೇಳಿ. ಬೇಡ ಅಂದರೂ ಹೇಳುತ್ತಾರೆ.

ಋತು ನೋಡಿಕೊಂಡರೆ ಹುಡುಕಾಟ ಇನ್ನೂ ಸುಲಭ. ಬೇಸಿಗೆಯಲ್ಲಿ ಕರಗ, ಹೂವಿನ ಪಲ್ಲಕ್ಕಿ, ಊರಹಬ್ಬ. ಆಮೇಲೆ ಗಣೇಶ. ನವೆಂಬರ್ ಪೂರ್ತಿ ರಾಜ್ಯೋತ್ಸವ. ನಮ್ಮಲ್ಲಿ ರಾಜ್ಯೋತ್ಸವ ಒಂದು ದಿನಕ್ಕೆ ಮುಗಿಯುವುದಿಲ್ಲ, ಪ್ರತಿ ಸರ್ಕಲ್ಲಿಗೂ ಒಂದೊಂದು ದಿನ ಬೇಕು. ಡಿಸೆಂಬರ್‌ನಲ್ಲಿ ಕೆಜಿಎಫ್, ಅಂದರೆ ಚಿನ್ನದ ಗಣಿಯ ಊರು. ಉಳಿದ ದಿನಗಳಲ್ಲಿ ಶುಕ್ರವಾರ, ಶನಿವಾರ ರಾತ್ರಿ ಹೆದ್ದಾರಿಯ ಹೋಟೆಲ್ಲುಗಳು. ನರಸಾಪುರ, ವೇಮಗಲ್ ಕಡೆ ಕಾರ್ಖಾನೆಗಳು ಬಂದ ಮೇಲೆ ಅಲ್ಲಿ ಊಟಕ್ಕೆ ಬರುವವರು ಹತ್ತು ಊರಿನವರು. ಕನ್ನಡ ಹಾಡು ಮುಗಿಯುತ್ತಿದ್ದಂತೆ ಒಬ್ಬರು ತೆಲುಗು, ಇನ್ನೊಬ್ಬರು ತಮಿಳು, ಮೂಲೆಯವರು ಹಿಂದಿ ಕೇಳುತ್ತಾರೆ. ನಾಲ್ಕು ಭಾಷೆಯಲ್ಲಿ ಹಾಡಬಲ್ಲ ಗಾಯಕಿ ಇಲ್ಲಿ ದೊಡ್ಡ ಸುದ್ದಿಯೇ ಅಲ್ಲ. ಬರದಿದ್ದರೆ ಇಲ್ಲಿ ಹೊಟ್ಟೆ ತುಂಬುವುದಿಲ್ಲ, ಅಷ್ಟೇ.

ಕುಡಿಯುವ ಜಾಗಕ್ಕೆ ಬರುವುದಿಲ್ಲ ಎನ್ನುವವರಿಗೂ ದಾರಿ ಇದೆ. ಕೋಲಾರದ ಟಿ. ಚನ್ನಯ್ಯ ರಂಗಮಂದಿರದ ಕಾರ್ಯಕ್ರಮಗಳ ಮೇಲೆ ಒಂದು ಕಣ್ಣಿಡಿ. ತೇರಹಳ್ಳಿ ಬೆಟ್ಟದ ಮೇಲಿನ ಆದಿಮ ಸಾಂಸ್ಕೃತಿಕ ಕೇಂದ್ರದಲ್ಲಿ 'ಹುಣ್ಣಿಮೆ ಹಾಡು' ಎಂಬ ಕಾರ್ಯಕ್ರಮ ನಡೆಸಿಕೊಂಡು ಬಂದಿದ್ದಾರೆ. ಹೆಸರೇ ಹೇಳುವಂತೆ ಹುಣ್ಣಿಮೆಗೆ. ಕಲ್ಲು ಬಂಡೆ, ತಂಗಾಳಿ, ಬೆಳದಿಂಗಳು, ನಾಟಕ, ಹಾಡು. ಸ್ವೆಟರ್ ಮರೆಯಬೇಡಿ. ಪಕ್ಕದ ಚಿಂತಾಮಣಿ ತಾಲ್ಲೂಕಿನ ಕೈವಾರದಲ್ಲಿ ಗುರುಪೂರ್ಣಿಮೆಗೆ ಮೂರು ದಿನ ಹಗಲು ರಾತ್ರಿ ಸಂಗೀತ ನಡೆಯುತ್ತದೆ. ಅಲ್ಲಿ ರಾತ್ರಿ ಎರಡು ಗಂಟೆಗೆ ಹಾಡುವವರನ್ನು ಕೇಳಿ. ಹೆಸರು ಮಾಡಿದವರಿಗೆ ಸಂಜೆಯ ಹೊತ್ತು ಸಿಕ್ಕಿರುತ್ತದೆ, ಹೆಸರು ಮಾಡಬೇಕಾದವರಿಗೆ ಅಪರಾತ್ರಿ.

ಕೆಜಿಎಫ್ ಬಗ್ಗೆ ಸ್ವಲ್ಪ ಜಾಸ್ತಿ

ಕೋಲಾರದಿಂದ ಸುಮಾರು 30 ಕಿಲೋಮೀಟರ್. ಗಿಟಾರ್, ಡ್ರಮ್ಸ್ ಕೇಳಬೇಕು ಎನ್ನುವವರು ಇಲ್ಲಿಗೆ ಒಂದು ಸಲವಾದರೂ ಹೋಗಬೇಕು. 1880ರಲ್ಲಿ ಜಾನ್ ಟೇಲರ್ ಕಂಪನಿ ಗಣಿ ಕೆಲಸಕ್ಕೆ ಕೈ ಹಾಕಿತು. ಶಿವನಸಮುದ್ರದಿಂದ 1902ರಲ್ಲಿ ಕರೆಂಟ್ ಬಂತು, ಬೆಂಗಳೂರಿಗಿಂತ ಮೊದಲೇ. ಇಂಗ್ಲಿಷರು, ಆಂಗ್ಲೋ ಇಂಡಿಯನ್ನರು, ಗಣಿಗೆ ಇಳಿಯಲು ಬಂದ ತಮಿಳು ಕುಟುಂಬಗಳು, ಸುತ್ತಲಿನ ತೆಲುಗು, ಕನ್ನಡದವರು, ಎಲ್ಲ ಒಂದೇ ಊರಿನಲ್ಲಿ. ಕ್ಲಬ್ಬು ಇತ್ತು, ಅಲ್ಲಿ ಡ್ಯಾನ್ಸ್ ಇತ್ತು. ಡ್ಯಾನ್ಸ್ ಇದ್ದ ಮೇಲೆ ಬ್ಯಾಂಡ್ ಬೇಡವೇ? ಬೀದಿಗೊಂದು ಚರ್ಚು, ಚರ್ಚಿಗೊಂದು ಗಾಯಕರ ಗುಂಪು. ಅಲ್ಲಿ ಹತ್ತು ವರ್ಷದ ಹುಡುಗರಿಗೆ ಶ್ರುತಿ ಸೇರಿಸಿ ನಾಲ್ಕು ದನಿಯಲ್ಲಿ ಹಾಡುವುದು ಕಲಿಸುತ್ತಾರೆ. ನಮ್ಮ ಕಡೆ ಉಳಿದ ಊರಿನ ಮಕ್ಕಳಿಗೆ ಈ ಅಭ್ಯಾಸ ಇಲ್ಲ. ನಾವೆಲ್ಲ ಒಂದೇ ದನಿಯಲ್ಲಿ ಭಜನೆ ಹಾಡಿ ಬೆಳೆದವರು.

2001ರಲ್ಲಿ ಗಣಿ ಮುಚ್ಚಿತು. ಊರಿನವರು ಕೆಲಸಕ್ಕೆ ಬೆಳಗಿನ ರೈಲಿನಲ್ಲಿ ಬೆಂಗಳೂರಿಗೆ ಹೋಗತೊಡಗಿದರು. ಅವರ ಜೊತೆ ಗಿಟಾರೂ ಹೋಯಿತು. ಆದರೆ ಡಿಸೆಂಬರ್ ಮೂರನೇ ವಾರದಿಂದ ಹೊಸ ವರ್ಷದವರೆಗೆ ಎಲ್ಲರೂ ಮನೆಗೆ ಬಂದಿರುತ್ತಾರೆ. ರಾಬರ್ಟ್‌ಸನ್‌ಪೇಟೆ, ಆಂಡರ್ಸನ್‌ಪೇಟೆ, ಚಾಂಪಿಯನ್ ರೀಫ್ಸ್ ಕಡೆ ಸಂಜೆ ಸುಮ್ನೆ ನಡೆದು ನೋಡಿ. ಚರ್ಚಿನ ಅಂಗಳದಲ್ಲೋ, ಯಾರದೋ ಮನೆ ಮುಂದಿನ ಜಗಲಿಯಲ್ಲೋ ನಾಲ್ಕು ಜನ ಕೂತು ಹಾಡುತ್ತಿರುತ್ತಾರೆ. ಅದಕ್ಕೆ ಟಿಕೆಟ್ ಇಲ್ಲ. ದೂರ ನಿಂತು ಕೇಳಿ, ಫೋನ್ ಎತ್ತಿ ಶೂಟಿಂಗ್ ಮಾಡಬೇಡಿ. ಅದು ಅವರ ಮನೆ ಹಬ್ಬ.

ಬರುವಾಗ ಬಂಗಾರಪೇಟೆಯಲ್ಲಿ ಇಳಿದು ಪಾನಿಪುರಿ ತಿನ್ನಿ. ಅಲ್ಲಿನ ಪಾನಿ ನೀರಿನಷ್ಟೇ ತಿಳಿ, ಬಾಯಿಗೆ ಹಾಕಿದ ಮೇಲೆ ಗೊತ್ತಾಗುತ್ತದೆ ಅದು ನೀರಲ್ಲ ಅಂತ. ಸಂಗೀತಕ್ಕೂ ಇದಕ್ಕೂ ಸಂಬಂಧವಿಲ್ಲ. ಆದರೆ ಹೇಳದೆ ಇರಲು ಮನಸ್ಸು ಬರಲಿಲ್ಲ.

ಹೊರಡುವ ಮೊದಲು ಒಂದು ಫೋನ್

ಹೋಟೆಲ್ಲಿಗೆ ಫೋನ್ ಮಾಡಿ ಮೂರು ಪ್ರಶ್ನೆ ಕೇಳಿ. ಇವತ್ತು ಎಷ್ಟು ಜನ ನುಡಿಸುತ್ತಾರೆ? ಲೈವಾ, ಟ್ರ್ಯಾಕಾ? ಮನೆಯವರನ್ನು ಕರೆದುಕೊಂಡು ಬರಬಹುದಾ?

ಮೂರನೇ ಪ್ರಶ್ನೆ ಯಾಕೆ ಅಂದರೆ 'ಲೈವ್ ಬ್ಯಾಂಡ್' ಎನ್ನುವ ಮಾತಿಗೆ ನಮ್ಮಲ್ಲಿ ಹುಡುಗಿಯರನ್ನು ಕುಣಿಸುವ ಬಾರ್ ಎಂಬ ಇನ್ನೊಂದು ಅರ್ಥವೂ ಅಂಟಿಕೊಂಡಿದೆ. ಬೆಂಗಳೂರಿನಲ್ಲಿ ಈ ಹೆಸರಿನ ಸುತ್ತ ವರ್ಷಗಟ್ಟಲೆ ಪೊಲೀಸು, ಲೈಸೆನ್ಸು, ಕೋರ್ಟು ಎಲ್ಲ ಆಗಿದೆ. ಹಾಗಾಗಿ "ಲೈವ್ ಬ್ಯಾಂಡ್ ಇದೆಯಾ" ಎಂದು ಕೇಳಿದರೆ ಕೆಲವು ಕಡೆ ಮ್ಯಾನೇಜರ್ ನಿಮ್ಮನ್ನು ಬೇರೆ ಲೆಕ್ಕದಲ್ಲಿ ನೋಡಬಹುದು. "ಹಾಡೋರು ಇದ್ದಾರಾ, ಆರ್ಕೆಸ್ಟ್ರಾ ಇದೆಯಾ" ಎಂದು ಕೇಳಿ. ಫ್ಯಾಮಿಲಿ ಸೆಕ್ಷನ್ ಎಲ್ಲಿದೆ, ಅಲ್ಲಿಗೆ ಹಾಡು ಕೇಳುತ್ತದಾ ಎಂದೂ ವಿಚಾರಿಸಿ. ಎಷ್ಟೋ ಹೋಟೆಲ್ಲುಗಳಲ್ಲಿ ಫ್ಯಾಮಿಲಿ ಸೆಕ್ಷನ್ ಎಂದರೆ ಗಾಜಿನ ಬಾಗಿಲು ಹಾಕಿದ ಎಸಿ ರೂಮು. ಒಳಗೆ ಕೂತರೆ ಬೇಸ್ ಮಾತ್ರ ದಬ್ ದಬ್ ಅಂತ ಗೋಡೆಗೆ ಬಡಿಯುತ್ತದೆ.

ಎರಡನೇ ಪ್ರಶ್ನೆಗೆ "ಲೈವೇ ಸಾರ್" ಎಂಬ ಉತ್ತರ ಎಲ್ಲ ಕಡೆಯೂ ಬರುತ್ತದೆ. ಅದಕ್ಕೇ ಮೊದಲ ಪ್ರಶ್ನೆ. ಒಬ್ಬರು, ಇಬ್ಬರು ಅಂದರೆ ಟ್ರ್ಯಾಕ್. ಮೂರಕ್ಕಿಂತ ಜಾಸ್ತಿ ಇದ್ದರೆ ಹೋಗಬಹುದು. ಟ್ರ್ಯಾಕ್ ಹಾಕಿ ಹಾಡುವವರ ಮೇಲೆ ನನಗೆ ಕೋಪವಿಲ್ಲ. ಹೋಟೆಲ್ಲಿನವರು ಇಬ್ಬರಿಗೆ ಕೊಡುವ ದುಡ್ಡಿನಲ್ಲಿ ಐದು ಜನ ಹೇಗೆ ಬರುತ್ತಾರೆ? ಆದರೆ ನಾವು ಹೊರಟಿರುವುದು ನುಡಿಸುವವರನ್ನು ಕೇಳಲು.

ಎಲ್ಲಿ ಕೂರಬೇಕು

ವೇದಿಕೆ ಮುಂದಿನ ಟೇಬಲ್ ಬೇಡ. ಸ್ಪೀಕರ್ ಎದುರಂತೂ ಬೇಡವೇ ಬೇಡ. ಒಂದು ಮದುವೆ ಆರತಕ್ಷತೆಯಲ್ಲಿ ಮರ್ಯಾದೆಗೆ ಕಟ್ಟುಬಿದ್ದು ಮುಂದಿನ ಸಾಲಿನಲ್ಲಿ ಕೂತು, ಎರಡು ದಿನ ಕಿವಿಯಲ್ಲಿ ಜೀರುಂಡೆ ಕೂಗಿಸಿಕೊಂಡಿದ್ದೇನೆ. ಕಿವಿಯ ಲೆಕ್ಕ ಹೀಗಿದೆ: 85 ಡೆಸಿಬೆಲ್ ಶಬ್ದವನ್ನು ದಿನಕ್ಕೆ 8 ಗಂಟೆ ತಡೆಯಬಹುದು ಎನ್ನುತ್ತಾರೆ. ಅಲ್ಲಿಂದ ಪ್ರತಿ 3 ಡೆಸಿಬೆಲ್ ಏರಿದಾಗಲೂ ಹೊತ್ತು ಅರ್ಧಕ್ಕೆ ಇಳಿಯುತ್ತದೆ. 100 ಡೆಸಿಬೆಲ್ ತಲುಪಿದರೆ ಬರೀ 15 ನಿಮಿಷ. ಸ್ಪೀಕರ್ ಬುಡದಲ್ಲಿ 100 ದಾಟುವುದು ಏನೂ ಕಷ್ಟವಿಲ್ಲ. ಪಕ್ಕದವರ ಜೊತೆ ಮಾತಾಡಲು ಕಿರುಚಬೇಕಾದರೆ ಜಾಗ ಬದಲಿಸಿ. ಚಿಕ್ಕ ಮಕ್ಕಳಿದ್ದರೆ ಇನ್ನೂ ಹಿಂದೆ ಹೋಗಿ.

ಒಳ್ಳೆಯ ಜಾಗ ಯಾವುದು ಎಂದು ನೋಡಲು ಸೌಂಡ್ ಹುಡುಗ ಮಿಕ್ಸರ್ (ದನಿ ಏರಿಸಿ ಇಳಿಸುವ ಪೆಟ್ಟಿಗೆ) ಇಟ್ಟುಕೊಂಡು ಎಲ್ಲಿ ನಿಂತಿದ್ದಾನೆ ನೋಡಿ. ಅವನು ತನ್ನ ಕಿವಿಗೆ ಚೆನ್ನಾಗಿ ಕೇಳುವ ಹಾಗೆ ತಿರುಗಿಸುತ್ತಿರುತ್ತಾನೆ. ಅವನ ಪಕ್ಕದ ಟೇಬಲ್ ಹಿಡಿಯಿರಿ. ಹೋಟೆಲ್ಲಿನಲ್ಲಿ ಸೌಂಡ್ ಹುಡುಗ ಇರುವುದಿಲ್ಲ, ಕೀಬೋರ್ಡಿನವನೇ ಮಿಕ್ಸರ್ ಪಕ್ಕದಲ್ಲಿಟ್ಟುಕೊಂಡಿರುತ್ತಾನೆ. ಹಾಗಿದ್ದರೆ ವೇದಿಕೆಯಿಂದ ಮೂರನೇ ಸಾಲು, ನಡುವೆ. ಎಲ್ಲರ ಕೈ ಕಾಣುವಂತಿರಬೇಕು. ಕೈ ಕಾಣದಿದ್ದರೆ ಅರ್ಧ ಮಜಾ ಹೋಯಿತು.

ಏಳೂವರೆಗೆ ಹೋಗಿ ಕೂತುಬಿಡಿ. ಎಂಟರಿಂದ ಒಂಬತ್ತರವರೆಗೆ ಜನ ಕಡಿಮೆ, ಗಲಾಟೆ ಕಡಿಮೆ. ಬ್ಯಾಂಡಿನವರು ತಮಗೆ ಇಷ್ಟ ಬಂದದ್ದನ್ನು ನುಡಿಸುವುದು ಆ ಒಂದು ಗಂಟೆಯಲ್ಲೇ. ಒಂಬತ್ತರ ಮೇಲೆ ಜನ ಏರಿದ ಹಾಗೆ ಕುಣಿಯುವ ಹಾಡು ಶುರು. ಕುಣಿಯುವುದೂ ಚೆನ್ನ, ಆದರೆ ಅದಕ್ಕೆ ಮಾರ್ಗದರ್ಶಿ ಬೇಕಿಲ್ಲ.

ಹೇಗೆ ಕೇಳಬೇಕು

ಇದೇ ಮುಖ್ಯವಾದದ್ದು.

ಮೊದಲ ಹಾಡಿನಲ್ಲಿ ಗಾಯಕರನ್ನು ನೋಡಲೇಬೇಡಿ. ಉಳಿದವರೆಲ್ಲ ಯಾರ ಮುಖ ನೋಡುತ್ತಿದ್ದಾರೆ ಅಂತ ನೋಡಿ. ಅವನೇ ಮೇಷ್ಟ್ರು. ಬಹುತೇಕ ಕೀಬೋರ್ಡಿನವನು, ಕೆಲವೊಮ್ಮೆ ಮೂಲೆಯಲ್ಲಿ ಸುಮ್ಮನೆ ಕೂತ ತಬಲಾದವನು. ಅವನು ಹುಬ್ಬು ಎತ್ತಿದರೆ ಇನ್ನೊಂದು ಸಲ ಪಲ್ಲವಿ. ಮುಷ್ಟಿ ಹಿಡಿದು ಎತ್ತಿದರೆ ಮುಗಿಸಿ. ಗಾಯಕ ಎರಡನೇ ಚರಣ ಮರೆತು ನೇರ ಮೂರಕ್ಕೆ ಹಾರಿದ ಅಂತಿಟ್ಟುಕೊಳ್ಳಿ. ಮೇಷ್ಟ್ರು ಒಂದು ಸಲ ತಲೆ ತಿರುಗಿಸುತ್ತಾನೆ, ನಾಲ್ಕೂ ಜನ ಎರಡು ಮಾತ್ರೆಯೊಳಗೆ ಅವನ ಹಿಂದೆ ಹೋಗಿರುತ್ತಾರೆ. ಊಟ ಮಾಡುವವರಿಗೆ ಏನೂ ಗೊತ್ತಾಗಿರುವುದಿಲ್ಲ. ನಿಮಗೆ ಗೊತ್ತಾದರೆ ಒಂದು ನಗು ನಗಿ. ಮೇಷ್ಟ್ರು ಅದನ್ನು ಗಮನಿಸುತ್ತಾನೆ. ಅಲ್ಲಿಂದ ನೀವು 'ಆ ಟೇಬಲ್'.

ಎರಡನೇ ಹಾಡಿಗೆ ಬೇಸ್ ಗಿಟಾರ್ ಹಿಡಿಯಿರಿ. ನಾಲ್ಕು ತಂತಿ, ದಪ್ಪ ದನಿ. ಕಿವಿಗೆ ಸಿಗುವುದಿಲ್ಲ ಅಂದರೆ ಅಂಗೈಯನ್ನು ಟೇಬಲ್ ಮೇಲೆ ಚಪ್ಪಟೆ ಇಡಿ. ಬೆರಳಿಗೆ ಗೊತ್ತಾಗುತ್ತದೆ. ಒಂದು ಸಲ ಹಿಡಿದರೆ ಮತ್ತೆ ಬಿಡುವುದಿಲ್ಲ, ಆಮೇಲೆ ಎಷ್ಟೋ ಹಳೇ ಹಾಡು ಹೊಸದಾಗಿ ಕೇಳುತ್ತದೆ. ಚಿಕ್ಕ ಬ್ಯಾಂಡಿನಲ್ಲಿ ಬೇಸ್ ಗಿಟಾರೇ ಇರುವುದಿಲ್ಲ, ಕೀಬೋರ್ಡಿನವನ ಎಡಗೈ ಆ ಕೆಲಸ ಮಾಡುತ್ತಿರುತ್ತದೆ. ಆಗ ಆ ಎಡಗೈ ನೋಡಿ. ಬಲಗೈ ಕೊಳಲು, ಎಡಗೈ ಬೇಸ್, ನಡುವೆ ಹೆಬ್ಬೆರಳು ಹೋಗಿ ಗುಂಡಿ ಒತ್ತಿ ಕೊಳಲನ್ನು ಪಿಟೀಲು ಮಾಡಿ ಬರುತ್ತದೆ. ಸಿನಿಮಾ ಹಾಡಿನ ಬಿಜಿಎಂಗೆ, ಅಂದರೆ ವಾದ್ಯ ಮಾತ್ರ ನುಡಿಯುವ ಭಾಗಕ್ಕೆ, ಸ್ಟುಡಿಯೋದಲ್ಲಿ ಹತ್ತಾರು ಪಿಟೀಲು ಕೂತಿದ್ದವು. ಇಲ್ಲಿ ಅಷ್ಟನ್ನೂ ಎತ್ತಿಕೊಡಬೇಕಾದದ್ದು ಎರಡೇ ಕೈ.

ಪಲ್ಲವಿಗೂ ಚರಣಕ್ಕೂ ನಡುವಿನ ಆ ಬಿಜಿಎಂ ಬಂದಾಗ ಜನ ಬಿಲ್ಲು, ಬಾಟಲು ಅಂತ ತಿರುಗುತ್ತಾರೆ. ಗಾಯಕರೂ ನೀರು ಕುಡಿಯುತ್ತಾರೆ. ವಾದ್ಯದವರು ಕಾಯುವುದು ಇದಕ್ಕೇ. ಇಡೀ ರಾತ್ರಿಯಲ್ಲಿ ಅವರ ಹೆಸರಿನಲ್ಲಿ ಇರುವುದು ಈ ಇಪ್ಪತ್ತು, ಮೂವತ್ತು ಸೆಕೆಂಡು. ಮಾತು ನಿಲ್ಲಿಸಿ ಕೇಳಿ. ಚಪ್ಪಾಳೆಯನ್ನು ಬಿಜಿಎಂ ಮುಗಿದ ಕೂಡಲೇ ಹೊಡೆಯಿರಿ, ಹಾಡಿನ ಕೊನೆಯವರೆಗೆ ಕಾಯಬೇಡಿ. ಕೊನೆಯಲ್ಲಿ ಹೊಡೆದ ಚಪ್ಪಾಳೆ ಗಾಯಕರಿಗೆ ಹೋಗುತ್ತದೆ.

ಮೂರನೆಯದು ರಿದಂ. ಈಗ ಎಲ್ಲ ಕಡೆ ಕಾಣುವುದು ಆಕ್ಟೋಪ್ಯಾಡ್. ರೋಲ್ಯಾಂಡ್ ಕಂಪನಿ 1985ರಲ್ಲಿ ತಂದ ಸಾಮಾನು. ಎಂಟು ರಬ್ಬರ್ ಚೌಕ, ಒಂದೊಂದರಲ್ಲಿ ಒಂದೊಂದು ಶಬ್ದ. ಒಂದರಲ್ಲಿ ಢೋಲಕ್, ಒಂದರಲ್ಲಿ ತಮಟೆ, ಒಂದರಲ್ಲಿ ಡ್ರಮ್ಸ್. ಹಾಡು ಬದಲಾದರೆ ಗುಂಡಿ ಒತ್ತಿ ಎಂಟೂ ಬದಲಿಸಬಹುದು. ಸುಮ್ನೆ ಬಡಿಯುವುದು ಅಂದುಕೊಳ್ಳಬೇಡಿ. ತೊಗಲಿನ ವಾದ್ಯದಲ್ಲಿ ಕೈ ಜಾರಿದರೂ ಏನೋ ಒಂದು ನಾದ ಬರುತ್ತದೆ. ರಬ್ಬರಿನಲ್ಲಿ ಜಾರಿದರೆ ಪಕ್ಕದ ಚೌಕದ ಗಂಟೆ ಬಾರಿಸಿಬಿಡುತ್ತದೆ. ಶೋಕದ ಹಾಡಿನ ನಡುವೆ ಟಿಣ್ ಅಂದದ್ದನ್ನು ನಾನು ಕೇಳಿದ್ದೇನೆ. ಪಾಪ, ಅವನು ಅದನ್ನೇ ಎರಡು ಸಲ ಜಾಸ್ತಿ ಬಾರಿಸಿ, ಬೇಕೂ ಅಂತಲೇ ಮಾಡಿದ್ದು ಅನ್ನಿಸಿಬಿಟ್ಟ.

ಇಷ್ಟಾದ ಮೇಲೆ ಗಾಯಕರನ್ನು ಕೇಳಿ. ರೆಕಾರ್ಡಿನ ಹಾಗೇ ಇದೆಯಾ ಅಂತ ಅಳೆಯಬೇಡಿ. ಅಳೆಯಲೇಬೇಕು ಅಂದರೆ ರೆಕಾರ್ಡಿನ ಗಾಯಕರಿಗೆ ಇಲ್ಲದ ಕಷ್ಟವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ: ಎದುರಿಗೆ ಕಬಾಬಿನ ಹೊಗೆ, ಪಕ್ಕದಲ್ಲಿ ಮಾನಿಟರ್ ಸ್ಪೀಕರ್ ಇಲ್ಲ, ಅಂದರೆ ತಮ್ಮ ದನಿ ತಮಗೇ ಸರಿಯಾಗಿ ಕೇಳುತ್ತಿಲ್ಲ. ಒಂದು ಕಿವಿಗೆ ಬೆರಳಿಟ್ಟುಕೊಂಡು ಹಾಡುವುದು ಸ್ಟೈಲಿಗಲ್ಲ. ಹೊರಗಿನ ಗಲಾಟೆ ಮುಚ್ಚಿ ತಲೆಯೊಳಗಿನ ದನಿ ಕೇಳಿಸಿಕೊಳ್ಳಲು. ಮೊದಲ ಹಾಡಾದ ಮೇಲೆ ಗಾಯಕಿ ಕೀಬೋರ್ಡಿನವನಿಗೆ ಕೈಯಲ್ಲಿ 'ಸ್ವಲ್ಪ ಇಳಿಸು' ಎನ್ನುವುದನ್ನು ನೋಡಬಹುದು. ಅವತ್ತು ಗಂಟಲು ಸರಿಯಿಲ್ಲ. ಅವನು ಟ್ರಾನ್ಸ್‌ಪೋಸ್ ಗುಂಡಿ ಒತ್ತುತ್ತಾನೆ, ಬೆರಳು ಅದೇ ಮನೆಯ (ಕೀಯ) ಮೇಲೆ, ಶ್ರುತಿ ಮಾತ್ರ ಒಂದು ಮನೆ ಕೆಳಗೆ. ಗಿಟಾರಿನವನಿಗೆ ಆ ಅನುಕೂಲ ಇಲ್ಲ. ಅವನು ಎಲ್ಲ ಬೆರಳನ್ನೂ ಬೇರೆ ಜಾಗಕ್ಕೆ ಒಯ್ಯಬೇಕು. ಆಗ ಅವನು ಕೀಬೋರ್ಡಿನವನನ್ನು ನೋಡುವ ನೋಟ ಇದೆಯಲ್ಲ, ಅದನ್ನು ತಪ್ಪಿಸಿಕೊಳ್ಳಬೇಡಿ.

ಚೀಟಿ ಮತ್ತು ದುಡ್ಡು

ಹಾಡು ಕೇಳಬೇಕಾದರೆ ಕೂಗಬೇಡಿ, ಚೀಟಿಯಲ್ಲಿ ಬರೆದು ವೇಟರ್ ಕೈಯಲ್ಲಿ ಕಳಿಸಿ. ಸಿನಿಮಾ ಹೆಸರು, ಪಲ್ಲವಿಯ ಎರಡು ಪದ ಸಾಕು. ಹೋದ ವಾರ ಬಂದ ಹಾಡು ಕೇಳಬೇಡಿ, ಅವರಿನ್ನೂ ಕಲಿತಿರುವುದಿಲ್ಲ. ನಾನು ಬರೆಯುವುದು ಹೀಗೆ: "ನಿಮಗೆ ಇಷ್ಟವಾದ ಒಂದು ಹಳೇ ಹಾಡು, ಬಿಜಿಎಂ ಪೂರ್ತಿ." ಮೊದಲ ಸಲ ಇದನ್ನು ಕಳಿಸಿದಾಗ ಕೀಬೋರ್ಡಿನವನು ಚೀಟಿ ಓದಿ, ತಿರುಗಿಸಿ ನೋಡಿ, ಮತ್ತೆ ಓದಿದ. ಆಮೇಲೆ ಗಿಟಾರಿನವನಿಗೆ ತೋರಿಸಿದ. ಇಬ್ಬರೂ ಐದು ನಿಮಿಷ ಏನೋ ಮಾತಾಡಿಕೊಂಡರು. ಅವತ್ತು ಕೇಳಿದ್ದನ್ನು ಬರೆದು ತೋರಿಸಲು ನನಗೆ ಬರುವುದಿಲ್ಲ.

ಒಬ್ಬರು ಒಂದು ರಾತ್ರಿಗೆ ಎರಡು ಚೀಟಿ, ಅದಕ್ಕಿಂತ ಜಾಸ್ತಿ ಬೇಡ. ಬೇರೆಯವರ ಹಾಡಿಗೂ ಚಪ್ಪಾಳೆ ಹೊಡೆಯಿರಿ.

ದುಡ್ಡು ಕೊಡುವ ರೀತಿ ಬಹಳ ಮುಖ್ಯ. ಹಾಡುವವರ ಮುಖದ ಮುಂದೆ ನೋಟು ಆಡಿಸುವುದು, ತಲೆ ಮೇಲೆ ಎರಚುವುದು, ಕೈ ಹಿಡಿದು ಕೊಡುವುದು, ಇವೆಲ್ಲ ನಮ್ಮ ಕಡೆ ನಡೆಯುತ್ತವೆ. ನಡೆಯುತ್ತವೆ ಎಂದ ಮಾತ್ರಕ್ಕೆ ಸರಿಯಲ್ಲ. ಹಾಡುವ ಹೆಣ್ಣುಮಕ್ಕಳು ಬಾಯಿಬಿಟ್ಟು ಹೇಳುವುದಿಲ್ಲ, ಆದರೆ ಅವರ ಭುಜ ಹಿಂದೆ ಸರಿಯುವುದು ಕಾಣುತ್ತದೆ. ವೇದಿಕೆ ಪಕ್ಕ ಡಬ್ಬಿ ಇದ್ದರೆ ಅದಕ್ಕೆ ಹಾಕಿ. ಇಲ್ಲದಿದ್ದರೆ ವಿರಾಮದಲ್ಲಿ ಹೋಗಿ ಮೇಷ್ಟ್ರ ಕೈಗೆ "ಎಲ್ಲರಿಗೂ" ಎಂದು ಹೇಳಿ ಕೊಡಿ. ಗಾಯಕರಿಗೆ ಕೊಟ್ಟದ್ದು ಎಲ್ಲ ಕಡೆಯೂ ರಿದಂ ಹುಡುಗನವರೆಗೆ ಹೋಗುವುದಿಲ್ಲ. ಕ್ಯೂಆರ್ ಇದ್ದರೆ ಅದು ಯಾರ ಖಾತೆ ಎಂದು ಕೇಳಿ. ಹೋಟೆಲ್ಲಿನದಾದರೆ ಸ್ಕ್ಯಾನ್ ಮಾಡಬೇಡಿ.

ಬ್ಯಾಂಡಿನವರಿಗೆ ಪೆಗ್ ಕಳಿಸುವುದು ದೊಡ್ಡಸ್ತಿಕೆ ಎಂದುಕೊಂಡವರಿದ್ದಾರೆ. ಟೀ ಕಳಿಸಿ. ಊಟ ಕಳಿಸಿದರೆ ಇನ್ನೂ ಒಳ್ಳೆಯದು. ಎಷ್ಟೋ ಕಡೆ ಅವರು ಉಣ್ಣುವುದು ಅಡುಗೆಮನೆ ಬಾಗಿಲು ಹಾಕುವ ಹೊತ್ತಿಗೆ.

ಬಯಲಿನ ಆರ್ಕೆಸ್ಟ್ರಾ ಬೇರೆ ಲೆಕ್ಕ

ಪೋಸ್ಟರಿನಲ್ಲಿ ಸಂಜೆ ಆರು ಎಂದಿರುತ್ತದೆ. ಆರಕ್ಕೆ ಹೋದರೆ ಮೈಕ್ ಟೆಸ್ಟಿಂಗ್ ಒನ್ ಟೂ ಥ್ರೀ. ಹೋಗಿ, ಅದನ್ನೂ ಕೇಳಿ. ಕುಂಯ್ ಎನ್ನುವ ಮೈಕನ್ನು ಹೇಗೆ ದಾರಿಗೆ ತರುತ್ತಾರೆ ಎನ್ನುವುದು ಸಾಯಂಕಾಲದ ಹೊತ್ತು ನೋಡಲು ಒಳ್ಳೆಯ ಆಟ. ಆಮೇಲೆ ಭಾಷಣ, ಸನ್ಮಾನ, ಹಾರ, ಶಾಲು. ಎಂಟೂವರೆಗೆ ದೇವರ ಹಾಡು. ಅಲ್ಲಿಗೆ ಒಂದೂವರೆ ಗಂಟೆ ಉಳಿದಿರುತ್ತದೆ. 2000ದ ಶಬ್ದಮಾಲಿನ್ಯ ನಿಯಮದ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ. ಹಬ್ಬಹರಿದಿನಕ್ಕೆ ಅಂತ ಸರ್ಕಾರ 12ರವರೆಗೆ ಬಿಡಬಹುದು, ಅದೂ ವರ್ಷಕ್ಕೆ 15 ದಿನ ಮೀರದಂತೆ. ಹಾಗಾಗಿ ಸನ್ಮಾನ ಉದ್ದವಾದಷ್ಟೂ ಹಾಡು ಗಿಡ್ಡವಾಗುತ್ತದೆ. ಸಂಘಟಕರಲ್ಲಿ ನಿಮ್ಮ ಪರಿಚಯದವರಿದ್ದರೆ ಭಾಷಣ ನಡುವೆ ಸೇರಿಸಿ ಎಂದು ಹೇಳಿ ನೋಡಿ. ನನ್ನ ಮಾತು ಇದುವರೆಗೆ ಯಾರೂ ಕೇಳಿಲ್ಲ.

ಹತ್ತಕ್ಕೆ ಸ್ಪೀಕರ್ ನಿಂತ ಮೇಲೆ ಮನೆಗೆ ಹೋಗುವವರು ದಡ್ಡರು. ಪಲ್ಲಕ್ಕಿ ಹೊರಡುವುದು ಆಮೇಲೆ. ಮುಂದೆ ಕೀಲುಕುದುರೆ, ಹಿಂದೆ ನಾದಸ್ವರ ಡೋಲಿನವರು. ಅವರ ಪಕ್ಕ ತಮಟೆ. ತಮಟೆಯವರು ಬೀದಿ ಬದಿ ಹುಲ್ಲು, ಪೇಪರ್ ಒಟ್ಟಿ ಬೆಂಕಿ ಹಾಕುವುದನ್ನು ನೋಡಿರುತ್ತೀರಿ. ಚಳಿಗಲ್ಲ. ರಾತ್ರಿಯ ತೇವಕ್ಕೆ ಚರ್ಮ ಸಡಿಲಾಗಿ ದನಿ ಮಂಕಾಗುತ್ತದೆ. ಕಾಯಿಸಿದರೆ ಬಿಗಿಯಾಗಿ ಠಣ್ ಎನ್ನುತ್ತದೆ. ಕಾಯಿಸುವಾಗ ನಡುನಡುವೆ ಬೆರಳಲ್ಲಿ ತಟ್ಟಿ ನೋಡುತ್ತಾರಲ್ಲ, ಅದು ಗಿಟಾರಿನವನು ತಂತಿ ಬಿಗಿಮಾಡಿದ ಹಾಗೆಯೇ. ಒಂದು ಕೈಯಲ್ಲಿ ದಪ್ಪ ಕೋಲು, ಇನ್ನೊಂದರಲ್ಲಿ ತೆಳ್ಳನೆಯ ಕಡ್ಡಿ. ದಪ್ಪದ್ದು ಪೆಟ್ಟು ಹಾಕುತ್ತದೆ, ಕಡ್ಡಿ ಅದರ ನಡುವಿನ ಜಾಗ ತುಂಬುತ್ತದೆ. ಕಡ್ಡಿಯ ಕೈಯನ್ನು ನೋಡಿ, ಕಸುಬು ಅಲ್ಲಿದೆ. ಚಿಕ್ಕಬಳ್ಳಾಪುರ ಜಿಲ್ಲೆ ಪಿಂಡಿಪಾಪನಹಳ್ಳಿಯ ಮುನಿವೆಂಕಟಪ್ಪನವರಿಗೆ 2023ರಲ್ಲಿ ಪದ್ಮಶ್ರೀ ಬಂದದ್ದು ಇದೇ ತಮಟೆಗೆ. 2007ರಲ್ಲಿ ಚಿಕ್ಕಬಳ್ಳಾಪುರ ಬೇರೆ ಜಿಲ್ಲೆ ಆಗುವವರೆಗೆ ಅವರೂ ನಮ್ಮ ಜಿಲ್ಲೆಯವರೇ, ಹಾಗಾಗಿ ಹೆಮ್ಮೆಯಲ್ಲಿ ನಮಗೂ ಪಾಲಿದೆ.

ಮನೆ ಕಾರ್ಯಕ್ಕೆ ಕರೆಯುವುದಾದರೆ

ಇಷ್ಟವಾದ ಬ್ಯಾಂಡನ್ನು ನಾಮಕರಣಕ್ಕೋ ಗೃಹಪ್ರವೇಶಕ್ಕೋ ಕರೆಯಬೇಕು ಅನ್ನಿಸಿದರೆ ಹೋಟೆಲ್ ಮ್ಯಾನೇಜರ್ ಮೂಲಕ ಹೋಗಬೇಡಿ, ಮೇಷ್ಟ್ರನ್ನೇ ಕೇಳಿ. ಎಷ್ಟು ಪೀಸ್ ಬರುತ್ತದೆ (ವಾದ್ಯದವರನ್ನು ಅವರು ಪೀಸ್ ಲೆಕ್ಕದಲ್ಲೇ ಹೇಳುತ್ತಾರೆ), ಸೌಂಡ್ ಅವರದಾ ನಿಮ್ಮದಾ, ಜನರೇಟರ್ ಯಾರು ತರುತ್ತಾರೆ, ಎಷ್ಟು ಗಂಟೆ, ವಾಪಸ್ ಹೋಗಲು ಗಾಡಿ ಇದೆಯಾ, ಇಷ್ಟನ್ನೂ ಒಂದು ಮೆಸೇಜಿನಲ್ಲಿ ಬರೆದು ಕಳಿಸಿ, ಮುಂಗಡ ಕೊಡಿ. ಕರೆಂಟು ಹೋದರೆ ನಿಲ್ಲುವುದು ಕೀಬೋರ್ಡು, ಜಗಳವಾಗುವುದು ದುಡ್ಡಿಗೆ. ನಾನು ಜನರೇಟರ್ ಮಾತು ಮರೆತು ನನ್ನ ತಂಗಿ ಮಗಳ ನಾಮಕರಣದಲ್ಲಿ ಒಂದು ಗಂಟೆ ಢೋಲಕ್ ಒಂದನ್ನೇ ಕೇಳಿಸಿದವನು. ಅದೂ ಚೆನ್ನಾಗಿಯೇ ಇತ್ತು. ತಂಗಿ ಹಾಗೆ ಹೇಳುವುದಿಲ್ಲ.

ಪೂಜೆ ಮುಗಿಯುವವರೆಗೆ ಅವರನ್ನು ಹೊರಗೆ ಕಾಯಿಸಬೇಡಿ. ಮೊದಲ ಪಂಕ್ತಿಯಲ್ಲಿ ಊಟಕ್ಕೆ ಕೂರಿಸಿ.

ವಿರಾಮದಲ್ಲಿ ಮಾತಾಡಿಸುವಾಗ ಎಲ್ಲರೂ ಕೇಳುವುದು ಒಂದೇ ಪ್ರಶ್ನೆ: "ಬೇರೆ ಏನು ಕೆಲಸ ಮಾಡ್ಕೊಂಡಿದ್ದೀರಿ?" ಕೇಳಬೇಡಿ. ಹಗಲು ಕಾರ್ಖಾನೆ, ಮೊಬೈಲ್ ಅಂಗಡಿ, ಶಾಲೆ ಏನಾದರೂ ಇದ್ದೇ ಇರುತ್ತದೆ. ಆದರೆ ಆ ಹೊತ್ತಿನಲ್ಲಿ ಅವರು ವಾದ್ಯದವರು. "ಆ ಎರಡನೇ ಬಿಜಿಎಂನಲ್ಲಿ ಕೊಳಲು ತೆಗೆದು ಏನು ಹಾಕಿದಿರಿ?" ಎಂದು ಕೇಳಿ ನೋಡಿ. ವಿರಾಮ ಮುಗಿದರೂ ಮಾತು ಮುಗಿಯುವುದಿಲ್ಲ, ಮ್ಯಾನೇಜರ್ ಬಂದು ಕರೆಯಬೇಕಾಗುತ್ತದೆ.

ಒಂದೇ ಜಾಗಕ್ಕೆ ಎರಡನೇ ಸಲ ಹೋಗಿ, ಅದೇ ಟೇಬಲ್‌ನಲ್ಲಿ ಕೂರಿ. ಕುಡಿದಿದ್ದರೆ ಗಾಡಿ ಮುಟ್ಟಬೇಡಿ, ಕೊನೆ ಬಸ್ಸು ಎಷ್ಟಕ್ಕೆ ಎಂದು ಮೊದಲೇ ವಿಚಾರಿಸಿಕೊಂಡಿರಿ. ನಾನು ಮೂರನೇ ಸಲ ಹೋದ ರಾತ್ರಿ ಮಳೆ. ಗಾಯಕರಿಬ್ಬರೂ ಬಂದಿರಲಿಲ್ಲ. ಮ್ಯಾನೇಜರ್ ಟಿವಿ ಹಾಕಲು ಹೊರಟಿದ್ದ. ಕೀಬೋರ್ಡಿನವನು ನನ್ನ ಟೇಬಲ್ ಕಡೆ ನೋಡಿದ, ಗಿಟಾರಿನವನ ಕಡೆ ನೋಡಿದ. ಚೀಟಿ ಕಳಿಸಿರಲಿಲ್ಲ, ಆದರೂ ಅದೇ ಹಳೇ ಹಾಡು ಎತ್ತಿಕೊಂಡರು. ಹಾಡುವವರೇ ಇಲ್ಲದ ಕಾರಣ ಪಲ್ಲವಿಯನ್ನೂ ಗಿಟಾರೇ ಹಾಡಿತು. ನನ್ನ ಹಿಂದಿನ ಟೇಬಲ್ಲಿನಲ್ಲಿ ಟೊಮೆಟೊ ರೇಟು ಹೇಳುತ್ತಿದ್ದವರು ಎರಡನೇ ಚರಣದ ಹೊತ್ತಿಗೆ ಮಾತು ನಿಲ್ಲಿಸಿದ್ದರು. ನನಗೆ ಕೊನೆ ಬಸ್ಸು ತಪ್ಪಿತು.